ನೈಲಾನ್ ಹಿಡಿಯ ಹಳೆಯ ರೈಫಲ್ಲು: ದುರಸ್ತಿಗೆ ಮೊದಲು ತಿಳಿಯಬೇಕಾದದ್ದು



ಕೆಲವು ಕಾಲದ ಹಿಂದೆ ಶ್ರೀನಿವಾಸಪುರದ ಕಡೆಯ ಒಬ್ಬ ವಿದ್ಯಾರ್ಥಿ ನನ್ನಲ್ಲಿಗೆ ಬಂದಿದ್ದ. ಮಾವಿನ ತೋಪಿನ ಮನೆಯವನು; ಯಂತ್ರಗಳೆಂದರೆ ಆಸಕ್ತಿ. ಪಂಪುಸೆಟ್ಟು, ಸೈಕಲ್ಲು, ರೇಡಿಯೋ ಯಾವುದು ಕೆಟ್ಟರೂ ಬಿಚ್ಚಿ ನೋಡುವ ಸ್ವಭಾವ. ಅವನು ಕೇಳಿದ ಪ್ರಶ್ನೆ ಇದು: "ಸಾರ್, ತಾತ ತೀರಿಕೊಂಡ ಮೇಲೆ ಅಟ್ಟ ಶುಚಿ ಮಾಡುವಾಗ ಗೋಣಿತಾಟಿನಲ್ಲಿ ಸುತ್ತಿದ್ದ ಒಂದು ತುಪಾಕಿ ಸಿಕ್ಕಿತು. ನಳಿಗೆಗೆ ತುಕ್ಕು ಹಿಡಿದಿದೆ. ಹಿಂದಕ್ಕೆ ಎಳೆಯುವ ಹಿಡಿಕೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಆದರೆ ಹಿಡಿ ಮರದ್ದಲ್ಲ, ಪ್ಲಾಸ್ಟಿಕ್ಕಿನ ಹಾಗಿದೆ. ಎಣ್ಣೆ ಬಿಟ್ಟು, ಎಮರಿ ಕಾಗದದಲ್ಲಿ ಉಜ್ಜಿದರೆ ಸರಿಹೋಗುತ್ತದೆಯೇ?"

ಈ ಒಂದು ಪ್ರಶ್ನೆಯಲ್ಲಿ ಮೂರು ತಪ್ಪುಗಳು ಅಡಗಿದ್ದವು. ಆ ಮೂರನ್ನೂ ಬಿಡಿಸಿ ಹೇಳುವುದೇ ಇಂದಿನ ನನ್ನ ಮಾತಿನ ಉದ್ದೇಶ. ಹಳೆಯ ವಸ್ತುವೊಂದನ್ನು ಸರಿಪಡಿಸುವುದೆಂದರೆ ಮೊದಲು ಅದರ ಗುಣವನ್ನು ಅರಿಯುವುದು. ಗುಣವನ್ನು ಅರಿಯದೆ ಮಾಡಿದ ಉಪಚಾರ ರೋಗಕ್ಕಿಂತ ಹೆಚ್ಚಿನ ಹಾನಿ ಮಾಡುತ್ತದೆ. ಬಂದೂಕಿನ ವಿಷಯದಲ್ಲಂತೂ ಆ ಹಾನಿ ವಸ್ತುವಿಗೆ ಮಾತ್ರ ಆಗುವುದಿಲ್ಲ.

ನಾನು ಅವನಿಗೆ ಮೊದಲು ಹೇಳಿದ್ದು ಸ್ಕ್ರೂಡ್ರೈವರಿನ ಮಾತಲ್ಲ, ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯಿದೆಯ 3ನೆಯ ವಿಧಿಯ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕನ್ನಾಗಲಿ, ತೋಟಾಗಳನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. 5ನೆಯ ವಿಧಿಯ ಪ್ರಕಾರ ಬಂದೂಕನ್ನು ತಯಾರಿಸುವುದಕ್ಕೆ ಹೇಗೋ ಹಾಗೆಯೇ ದುರಸ್ತಿ ಮಾಡುವುದಕ್ಕೂ, ಪರೀಕ್ಷಿಸುವುದಕ್ಕೂ ಲೈಸೆನ್ಸ್ ಬೇಕು. ಬಂದೂಕು ಇಟ್ಟುಕೊಳ್ಳಲು ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. ಲೈಸೆನ್ಸ್ ಇದ್ದದ್ದು ತಾತನ ಹೆಸರಿನಲ್ಲಿ. ಅವರು ತೀರಿಕೊಂಡ ಮೇಲೆ ತೋಪು, ಮನೆ, ಎತ್ತಿನ ಗಾಡಿ ಮಕ್ಕಳಿಗೆ ಬಂದ ಹಾಗೆ ಬಂದೂಕು ತಾನಾಗಿ ಬರುವುದಿಲ್ಲ. ಹೀಗೆ ಲೈಸೆನ್ಸಿನ ಆಸರೆ ತಪ್ಪಿದ ಬಂದೂಕನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೋ, ಲೈಸೆನ್ಸ್ ಪಡೆದ ವ್ಯಾಪಾರಿಗೋ ಒಪ್ಪಿಸಬೇಕೆಂದು ಅದೇ ಕಾಯಿದೆಯ 21ನೆಯ ವಿಧಿ ಹೇಳುತ್ತದೆ. ವಾರಸುದಾರರು ಇಟ್ಟುಕೊಳ್ಳಬೇಕೆಂದರೆ ತಮ್ಮ ಹೆಸರಿನಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಕೋಲಾರ ಜಿಲ್ಲೆಯವರಿಗೆ ಜಿಲ್ಲಾಧಿಕಾರಿಗಳ ಕಚೇರಿಯೇ ಅದಕ್ಕೆ ದಾರಿ.

"ಒಪ್ಪಿಸಿದರೆ ತಾತನ ನೆನಪು ಹೋಗುತ್ತದಲ್ಲ ಸಾರ್?" ಎಂದು ಅವನು ಕೇಳಿದ. ಒಪ್ಪಿಸಿ ರಸೀತಿ ಪಡೆದ ವಸ್ತು ಹೋಗುವುದಿಲ್ಲ, ಕಾಗದದಲ್ಲಿ ಉಳಿಯುತ್ತದೆ ಎಂದು ಹೇಳಿದೆ. ಅಟ್ಟದ ಮೇಲಿರುವುದನ್ನು ಯಾರೂ ಇನ್ನು ಮುಟ್ಟಬಾರದು, ಹಿಡಿಕೆಯನ್ನು ಮತ್ತೆ ಎಳೆಯಲೇಬಾರದು, ಇವತ್ತೇ ಹಿರಿಯರ ಮೂಲಕ ಠಾಣೆಗೆ ತಿಳಿಸಬೇಕು ಎಂದೂ ಹೇಳಿದೆ. ಅಷ್ಟು ಆತುರ ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಹಾಗಾದರೆ ಆ ಪ್ಲಾಸ್ಟಿಕ್ ಹಿಡಿಯ ಬಂದೂಕು ಯಾವುದು? ಅವನು ಹೇಳಿದ ಗುರುತುಗಳಿಂದ ಅದು ಅಮೆರಿಕದ ರೆಮಿಂಗ್ಟನ್ ಕಂಪನಿಯ 'ನೈಲಾನ್ 66' ಎಂಬ ರೈಫಲ್ಲೆಂದು ಊಹಿಸಿದೆ. ಯಾರೋ ನೆಂಟರು ಬಹಳ ಹಿಂದೆ ಹೊರದೇಶದಿಂದ ಬರುವಾಗ ತಂದದ್ದಂತೆ. ಈ ಹೆಸರಿನ ಹಿಂದೆ ರಸಾಯನಶಾಸ್ತ್ರದ ಒಂದು ಕಥೆಯಿದೆ. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕೆರೋಥರ್ಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಒಂದು ಹೊಸ ಪಾಲಿಮರನ್ನು ತಯಾರಿಸಿದರು. ಅದನ್ನು ಕಟ್ಟಿದ ಎರಡು ಮೂಲವಸ್ತುಗಳಲ್ಲಿ ಒಂದೊಂದರಲ್ಲೂ 6 ಇಂಗಾಲದ ಪರಮಾಣುಗಳಿದ್ದವು. ಆದ್ದರಿಂದ ಅದು 6, 6 ನೈಲಾನ್. 1938ರಲ್ಲಿ ಅದು ಹಲ್ಲುಜ್ಜುವ ಬ್ರಷ್ಷಿನ ಎಳೆಯಾಗಿ ಅಂಗಡಿಗೆ ಬಂತು. 1940ರಲ್ಲಿ ಕಾಲುಚೀಲವಾಗಿ ಹೆಸರು ಮಾಡಿತು. ಡ್ಯುಪಾಂಟ್ ಕಂಪನಿ 1933ರಿಂದಲೇ ರೆಮಿಂಗ್ಟನ್ನಿನ ಬಹುಪಾಲು ಒಡೆತನ ಪಡೆದಿತ್ತು. ಬ್ರಷ್ಷಿನ ಕಡ್ಡಿಯಾದ ವಸ್ತು ಬಂದೂಕಿನ ಮೈಯಾಗಬಾರದೇಕೆ ಎಂದು ಯೋಚಿಸಿದವರು 1959ರಲ್ಲಿ ಈ ರೈಫಲ್ಲನ್ನು ಹೊರತಂದರು.

ಇದರ ತಯಾರಿಕೆ ತಿಳಿಯಲು ಮಾಲೂರಿನ ಹಂಚಿನ ಕೆಲಸವನ್ನು ನೆನಪಿಸಿಕೊಂಡರೆ ಸಾಕು. ಹದಮಾಡಿದ ಜೇಡಿಮಣ್ಣನ್ನು ಅಚ್ಚಿನಲ್ಲಿ ಒತ್ತಿದರೆ ಪ್ರತಿ ಹಂಚೂ ಒಂದೇ ಅಳತೆಗೆ ಬರುತ್ತದೆ. ಬಡಗಿ ಒಂದೊಂದನ್ನೂ ಕೆತ್ತಬೇಕಾಗಿಲ್ಲ. ನೈಲಾನನ್ನೂ ಹಾಗೆಯೇ ಕರಗಿಸಿ, ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ತುಂಬಿದರು. ಎಡ ಮತ್ತು ಬಲ ಎಂದು ಎರಡು ಅರ್ಧಗಳನ್ನು ಮಾಡಿ ಬೆಸೆದರು. ಮರದ ಹಿಡಿಯ ಬಂದೂಕಿನಲ್ಲಿ ಹಿಡಿ ಬೇರೆ, ಯಂತ್ರ ಕೂರುವ ಲೋಹದ ಗೂಡು ಬೇರೆ. ಇಲ್ಲಿ ಎರಡೂ ಒಂದೇ. ಮೇಲೆ ಉಕ್ಕಿನ ಹಾಗೆ ಕಾಣುವುದು ಬರಿಯ ತಗಡಿನ ಮುಚ್ಚಳ. ಅದರ ಕೆಳಗೆ ಉಕ್ಕಿನ ಬೋಲ್ಟು ನೈಲಾನಿನ ಮೇಲೆಯೇ ಹಿಂದೆ ಮುಂದೆ ಜಾರುತ್ತದೆ. ಬಂದೂಕೆಂದರೆ ಮರ ಮತ್ತು ಉಕ್ಕು ಎಂದುಕೊಂಡಿದ್ದವರು ಇದನ್ನು ಮೊದಲು ನಂಬಲಿಲ್ಲ. 1959ರಲ್ಲೇ ಟಾಮ್ ಫ್ರೈ ಎಂಬ ಗುರಿಕಾರ ಗಾಳಿಗೆ ಎಸೆದ 1,00,010 ಮರದ ತುಂಡುಗಳಿಗೆ ಈ ಮಾದರಿಯ ರೈಫಲ್ಲಿನಿಂದ ಗುರಿಯಿಟ್ಟು, ಕೇವಲ 6 ಬಾರಿ ತಪ್ಪಿದ. ಆಮೇಲೆ ಜನ ನಂಬಿದರು. 1980ರ ದಶಕದ ಕೊನೆಯವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ನೈಲಾನ್ 66 ರೈಫಲ್ಲುಗಳು ತಯಾರಾದವು.

ಈಗ ಹುಡುಗನ ಮೊದಲ ಉಪಚಾರಕ್ಕೆ ಬರೋಣ: ಎಣ್ಣೆ. ಕೆಟ್ಟ ಯಂತ್ರಕ್ಕೆಲ್ಲ ಎಣ್ಣೆಯೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ನಾನೂ ಈ ತಪ್ಪನ್ನು ಮಾಡಿದವನೇ. ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದ ಹೊಸತರಲ್ಲಿ 0.22 ರೈಫಲ್ಲನ್ನು ಶುಚಿಮಾಡುವ ಸರದಿ ನನಗೆ ಬಂತು. ಹೆಚ್ಚು ಎಣ್ಣೆ ಹಾಕಿದರೆ ಹೆಚ್ಚು ಶ್ರದ್ಧೆ ಎಂದು ತಿಳಿದು ಬೋಲ್ಟು, ನಳಿಗೆ, ಮರದ ಹಿಡಿ ಎಲ್ಲಕ್ಕೂ ಧಾರಾಳವಾಗಿ ಬಳಿದೆ. ಉಸ್ತಾದರು ಬಂದು ಬೋಲ್ಟಿನ ಮೇಲೆ ಬೆರಳಾಡಿಸಿ, "ಇದೇನಪ್ಪಾ, ಬೋಂಡಾ ಕರಿಯುತ್ತೀಯಾ?" ಎಂದರು. ಎಲ್ಲರೂ ನಕ್ಕರು. ಎಣ್ಣೆಯನ್ನು ಪೂರ್ತಿ ಒರೆಸಿ, ಕೊನೆಗೆ ಬಟ್ಟೆಗೆ ಎರಡೇ ಹನಿ ಹಾಕಿ ಸವರುವ ಕೆಲಸವನ್ನು ಅಂದು ಸಂಜೆಯವರೆಗೆ ಮಾಡಿಸಿದರು.

ಅದರ ಕಾರಣ ನನಗೆ ಅರ್ಥವಾದದ್ದು ಬಹಳ ದಿನಗಳ ಮೇಲೆ. ಗುಂಡು ಹಾರಿದಾಗ ಮದ್ದಿನ ಮಸಿ ಉಳಿಯುತ್ತದೆ. 0.22 ತೋಟಾದ ಗುಂಡು ಸಾಮಾನ್ಯವಾಗಿ ಬರಿಯ ಸೀಸದ್ದು, ಅದರ ಮೇಲೆ ಮೇಣದಂಥ ಜಿಡ್ಡು ಸವರಿರುತ್ತಾರೆ. ಮಸಿ, ಸೀಸದ ಪುಡಿ, ಜಿಡ್ಡು ಮೂರೂ ಹೆಚ್ಚಾದ ಎಣ್ಣೆಯೊಂದಿಗೆ ಸೇರಿದರೆ ಕೀಲೆಣ್ಣೆಯಂತಾಗುತ್ತದೆ. ವರ್ಷಗಳು ಕಳೆದರೆ ಅಂಟಿನಂತೆ ಗಟ್ಟಿಯಾಗುತ್ತದೆ. ನೈಲಾನ್ 66ರಲ್ಲಂತೂ ಬೋಲ್ಟು ಜಾರಲು ಎಣ್ಣೆಯೇ ಬೇಕಿಲ್ಲ. ನೈಲಾನ್ ತಾನೇ ಜಾರುವ ಗುಣದ್ದು. ಬಳಸುವವರು ಒಳಭಾಗವನ್ನು ಒಣಗಿದ್ದಂತೆಯೇ ಇಡಬೇಕೆಂಬುದು ಅದರ ವಿಶೇಷ. ಆದರೆ ಮರ ಮತ್ತು ಉಕ್ಕಿನ ಬಂದೂಕುಗಳಿಗೆ ಒಗ್ಗಿದವರು ಇದಕ್ಕೂ ಎಣ್ಣೆ ಬಿಟ್ಟರು. ತಾತನ ರೈಫಲ್ಲಿನ ಹಿಡಿಕೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿದ್ದುದಕ್ಕೆ ಕಾರಣ ಎಣ್ಣೆಯ ಕೊರತೆಯಲ್ಲ. ಹಿಂದೆಂದೋ ಹಾಕಿದ ಎಣ್ಣೆಯೇ ಆಗಿರಬೇಕೆಂದು ನನಗೆ ಆಗಲೇ ಅನ್ನಿಸಿತು.

ನೈಲಾನಿನ ಉಪಚಾರ ಮರದ ಉಪಚಾರವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಮರದ ಹಿಡಿಗೆ ಅಗಸೆ ಎಣ್ಣೆ ಸವರುತ್ತಾರೆ. ಅದು ಮರದ ರಂಧ್ರಗಳಲ್ಲಿ ಇಳಿದು ಗಾಳಿಯೊಂದಿಗೆ ಸೇರಿ ಗಟ್ಟಿಯಾಗಿ, ಮಳೆಗಾಲದ ತೇವವನ್ನು ತಡೆಯುತ್ತದೆ. ನೈಲಾನಿಗೆ ಅಂಥ ರಂಧ್ರಗಳಿಲ್ಲ. ಎಣ್ಣೆ ಮೇಲೆಯೇ ನಿಂತು ಧೂಳು ಹಿಡಿಯುತ್ತದೆ. ಅದಕ್ಕೆ ವಾರ್ನಿಷು ಬೇಡ, ಬಣ್ಣ ಬೇಡ. ಬಣ್ಣ ಮೇಲೆ ಬಳಿದದ್ದಲ್ಲ, ವಸ್ತುವಿನ ಉದ್ದಗಲಕ್ಕೂ ಬೆರೆತಿರುವಂಥದು. ಹೊರಮೈಯನ್ನು ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೆ ಒರೆಸಿದರೆ ಸಾಕು. ಪೆಟ್ರೋಲು, ಸೀಮೆಎಣ್ಣೆಗಳಿಗೆ ನೈಲಾನ್ ಹೆದರುವುದಿಲ್ಲ; ಆದರೆ ಗಾಢವಾದ ಆಮ್ಲಗಳು ಅದನ್ನು ತಿನ್ನುತ್ತವೆ. ವರ್ಷಗಟ್ಟಲೆ ಬಿಸಿಲಿಗೆ ಬಿದ್ದರೆ ಅದರ ಅಣುಸರಪಳಿಗಳು ಕಡಿದು ಪೆಡಸಾಗುತ್ತದೆ. ಸೀಳಿದರೆ ಅಂಗಡಿಯ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಹಿಡಿಯೇ ಯಂತ್ರದ ಗೂಡಾಗಿರುವುದರಿಂದ, ಸೀಳಿದ ಹಿಡಿಗೆ ತೇಪೆ ಹಾಕಿ ಬಳಸುವುದು ಅಪಾಯ. ಮರದ ಹಿಡಿ ಒಡೆದರೆ ಬಡಗಿ ಕೂಡಿಸಬಹುದು. ಇದು ಒಡೆದರೆ ಬಂದೂಕಿನ ಎಲುಬೇ ಮುರಿದ ಹಾಗೆ.

ಎರಡನೆಯ ಉಪಚಾರ ಎಮರಿ ಕಾಗದ. ಬಂದೂಕಿನ ನಳಿಗೆ ನೀಲಿಗಪ್ಪಾಗಿ ಕಾಣುವುದು ಬಣ್ಣದಿಂದಲ್ಲ. ಉಕ್ಕಿನ ಮೇಲ್ಮೈಯನ್ನೇ ಹದವಾಗಿ ಕಪ್ಪು ಆಕ್ಸೈಡಾಗಿ ಮಾರ್ಪಡಿಸಿ ಪಡೆದ ತೆಳುವಾದ ಪೊರೆ ಅದು. ಕೆಂಪು ತುಕ್ಕೂ ಕಬ್ಬಿಣದ ಆಕ್ಸೈಡೇ. ಆದರೆ ಕಪ್ಪು ಪೊರೆ ಲೋಹಕ್ಕೆ ಅಂಟಿ ಕೂತು ಕಾಯುತ್ತದೆ. ಕೆಂಪು ತುಕ್ಕು ಉಬ್ಬಿ, ಉದುರಿ, ಕೆಳಗಿನ ಹೊಸ ಲೋಹವನ್ನು ಗಾಳಿಗೆ ತೆರೆಯುತ್ತದೆ. ಎಮರಿ ಕಾಗದಕ್ಕೆ ಇವೆರಡರ ಭೇದ ತಿಳಿಯದು. ಅದು ತುಕ್ಕಿನ ಜೊತೆಗೆ ಕಾಯುವ ಪೊರೆಯನ್ನೂ ಕೆರೆದುಬಿಡುತ್ತದೆ. ನಳಿಗೆಯ ಮೇಲೆ ಒತ್ತಿರುವ ಅಕ್ಷರ, ಅಂಕಿಗಳನ್ನೂ ಅಳಿಸುತ್ತದೆ. ತಿಳಿದವರು ಮಾಡುವುದು ಬೇರೆ: ತುಕ್ಕಿನ ಕಲೆಗೆ ತೆಳುವಾಗಿ ಎಣ್ಣೆ ಸವರಿ ನೆನೆಯಲು ಬಿಡುತ್ತಾರೆ, ಆಮೇಲೆ ಉಕ್ಕಿಗಿಂತ ಮೆದುವಾದ ಕಂಚಿನ ಎಳೆಯಿಂದ ಬಲ ಹಾಕದೆ ಉಜ್ಜುತ್ತಾರೆ. ತುಕ್ಕು ಎದ್ದು ಬರುತ್ತದೆ, ಪೊರೆ ಬಹುಮಟ್ಟಿಗೆ ಉಳಿಯುತ್ತದೆ. ತುಕ್ಕು ತಿಂದ ಗುಳಿಗಳು ಹಾಗೆಯೇ ಇರುತ್ತವೆ, ಇರಲಿ. ಅವು ಅದರ ವಯಸ್ಸಿನ ಗುರುತು.

ಇದು ನಮ್ಮ ಜಿಲ್ಲೆಗೆ ಹೊಸ ಪಾಠವಲ್ಲ. ಕೋಲಾರ, ಮುಳಬಾಗಿಲು ಸೀಮೆಯ ಊರುಗಳಲ್ಲಿ ವೀರಗಲ್ಲುಗಳನ್ನೂ ಶಾಸನಗಳನ್ನೂ ನೀವು ಕಂಡಿದ್ದೀರಿ. ಬಿ.ಎಲ್. ರೈಸ್ ಅವರು ಈ ಜಿಲ್ಲೆಯ ಶಾಸನಗಳನ್ನೆಲ್ಲ ಸಂಗ್ರಹಿಸಿ 1905ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ 10ನೆಯ ಸಂಪುಟವಾಗಿ ಪ್ರಕಟಿಸಿದರು. ಜೀರ್ಣೋದ್ಧಾರದ ಉತ್ಸಾಹದಲ್ಲಿ ಶಾಸನದ ಕಲ್ಲಿಗೆ ಸುಣ್ಣವನ್ನೋ ಬಣ್ಣವನ್ನೋ ಬಳಿದರೆ ಗುಡಿ ಹೊಸದಾಗಿ ಕಾಣಬಹುದು. ಅಕ್ಷರಗಳು ಮಾತ್ರ ಮುಚ್ಚಿಹೋಗುತ್ತವೆ. ಬಂದೂಕಿನ ನಳಿಗೆಯ ಮೇಲಿನ ಅಕ್ಷರಗಳೂ ಒಂದು ಬಗೆಯ ಶಾಸನವೇ. ಅದನ್ನು ಯಾರು ಮಾಡಿದರು, ಯಾವ ಮಾದರಿ, ಯಾವ ತೋಟಾ ಬಳಸಬೇಕು ಎಂಬುದೆಲ್ಲ ಅಲ್ಲಿಯೇ ಇರುತ್ತದೆ. ಬಂದೂಕಿನ ಗುರುತಿನ ಸಂಖ್ಯೆಯನ್ನು ಅಳಿಸುವುದು ಶಸ್ತ್ರಾಸ್ತ್ರ ಕಾಯಿದೆಯ 8ನೆಯ ವಿಧಿಯ ಪ್ರಕಾರ ನಿಷಿದ್ಧ ಕೂಡ. ಹೊಳಪು ಬರಿಸಲು ಹೋಗಿ ಅಪರಾಧಿಯಾಗಬೇಕಾದೀತು.

ತುಕ್ಕಿನ ಮಾತು ಬಂದಾಗ ರಸಾಯನಶಾಸ್ತ್ರದ ಇನ್ನೊಂದು ಸಂಗತಿಯನ್ನು ಹೇಳಬೇಕು. ಹಿಂದಿನ ಕಾಲದ ತೋಟಾಗಳಲ್ಲಿ ಕಿಡಿ ಹೊತ್ತಿಸುವ ಮಿಶ್ರಣಕ್ಕೆ ಪೊಟ್ಯಾಸಿಯಂ ಕ್ಲೋರೇಟ್ ಸೇರಿಸುತ್ತಿದ್ದರು. ಅದು ಉರಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತದೆ. ಇದು ಅಡಿಗೆ ಉಪ್ಪಿನ ದಾಯಾದಿ. ಗಾಳಿಯ ತೇವವನ್ನು ಎಳೆದುಕೊಂಡು ನಳಿಗೆಯನ್ನು ಕೆಲವೇ ದಿನಗಳಲ್ಲಿ ತುಕ್ಕು ಹಿಡಿಸುತ್ತದೆ. ನಳಿಗೆಗೆ ಎಷ್ಟು ಎಣ್ಣೆ ಹಾಕಿದರೂ ಪ್ರಯೋಜನವಿಲ್ಲ. ಒಗ್ಗರಣೆಯ ಎಣ್ಣೆಗೆ ಉಪ್ಪು ಹಾಕಿ ನೋಡಿ, ಅದು ಕರಗದೆ ತಳದಲ್ಲೇ ಕೂರುತ್ತದೆ. ಉಪ್ಪು ಕರಗುವುದು ನೀರಿನಲ್ಲಿ. ಆದ್ದರಿಂದಲೇ ಹಿಂದಿನ ಸಿಪಾಯಿಗಳು ಗುಂಡು ಹಾರಿಸಿದ ಮೇಲೆ ನಳಿಗೆಗೆ ಕುದಿಯುವ ನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಸವರುತ್ತಿದ್ದರು. 1920ರ ದಶಕದಲ್ಲಿ ಇದೇ ರೆಮಿಂಗ್ಟನ್ ಕಂಪನಿ ತುಕ್ಕು ಹಿಡಿಸದ ತೋಟಾಗಳನ್ನು ಮಾರುಕಟ್ಟೆಗೆ ತಂದ ಮೇಲೆ ಈ ಕಾಟ ಕಡಿಮೆಯಾಯಿತು.

ಆಯುಧಪೂಜೆಯ ದಿನವೂ ಇದನ್ನು ನೆನೆಯಿರಿ. ಲೋಹಕ್ಕೆ ಒದ್ದೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಹಿಂಡಿ, ವಾರಗಟ್ಟಲೆ ಹಾಗೆಯೇ ಬಿಟ್ಟರೆ ಆ ಬೊಟ್ಟಿನ ಕೆಳಗೇ ತುಕ್ಕು ಹುಟ್ಟುತ್ತದೆ. ಪೂಜೆ ಮಾಡಬೇಡಿ ಎಂದಲ್ಲ. ಪೂಜೆಯಾದ ಮೇಲೆ ಒಣಬಟ್ಟೆಯಿಂದ ಒರೆಸಿಡುವುದೂ ಪೂಜೆಯ ಒಂದು ಭಾಗವೆಂದು ತಿಳಿಯಿರಿ.

ಹುಡುಗನ ಮೂರನೆಯ ಮಾತು ಬಿಚ್ಚುವುದು. ನೈಲಾನ್ 66 ಬಿಚ್ಚುವುದು ಸುಲಭ, ಜೋಡಿಸುವುದು ಕಷ್ಟ ಎಂದು ಅದನ್ನು ಬಲ್ಲವರೆಲ್ಲ ಹೇಳುತ್ತಾರೆ. ಒಳಗಿನ ಸಣ್ಣ ಭಾಗಗಳು ಒಂದನ್ನೊಂದು ಆತುಕೊಂಡು ನಿಂತಿರುತ್ತವೆ. ಮುಚ್ಚಳ ತೆಗೆದ ಕೂಡಲೇ ಸ್ಪ್ರಿಂಗುಗಳ ಬಲಕ್ಕೆ ಸ್ಥಾನ ಬಿಡುತ್ತವೆ. ಕಳೆದುಹೋದ ಭಾಗಕ್ಕೆ ಬದಲಾಗಿ ಲೇತಿನಲ್ಲಿ ಒಂದನ್ನು ಕಡೆದು ಹಾಕಿದರಾಯಿತಲ್ಲ ಎನ್ನಬಹುದು. ಟ್ರಿಗರಿನ ಒಳಗಿನ ಕೊಕ್ಕೆ ಕೂದಲೆಳೆಯಷ್ಟು ಸವೆದರೂ, ಅದರ ಹದ ತಪ್ಪಿದರೂ, ಯಾರೂ ಟ್ರಿಗರ್ ಒತ್ತದೆ ಗುಂಡು ಹಾರಬಹುದು. 0.22 ಗುಂಡು ಕಿರಿದು, ಕೇವಲ 5.6 ಮಿಲಿಮೀಟರಿನದು, ಎಂದು ಹಗುರವಾಗಿ ಕಾಣುವವರಿದ್ದಾರೆ. ಆ ಕಿರಿಗುಂಡು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ನಮ್ಮ ತೋಪುಗಳ ನಡುವೆ ಅಷ್ಟು ದೂರದೊಳಗೆ ಒಂದು ಊರು ಇದ್ದೇ ಇರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. 0.22 ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ನಡುವೆ ಇರುವುದಿಲ್ಲ, ತಳದ ಅಂಚಿನ ಸುತ್ತ ಇರುತ್ತದೆ. ಬಂದೂಕಿನ ಮೊಳೆ ಆ ಅಂಚಿಗೆ ಬಡಿಯಬೇಕು. ಒಳಗೆ ತೋಟಾ ಇಲ್ಲದೆ ಸುಮ್ಮನೆ ಟ್ರಿಗರ್ ಒತ್ತಿ ಆಟವಾಡಿದರೆ ಮೊಳೆ ನಳಿಗೆಯ ಬಾಯಂಚಿಗೇ ಬಡಿದು ಗುಳಿ ಮಾಡಬಹುದು. ಆಟಕ್ಕೆ ಒತ್ತಿದ ಟ್ರಿಗರು ಬಂದೂಕನ್ನು ಕೆಡಿಸುವುದು ಹೀಗೆ. ಎನ್.ಸಿ.ಸಿ. ಯಲ್ಲಿ ಅಪ್ಪಣೆಯಿಲ್ಲದೆ ಟ್ರಿಗರ್ ಮುಟ್ಟಬೇಡಿ ಎನ್ನುವುದು ಮೊದಲಾಗಿ ನಿಮ್ಮ ಕ್ಷೇಮಕ್ಕೆ, ಆಮೇಲೆ ರೈಫಲ್ಲಿನ ಕ್ಷೇಮಕ್ಕೆ.

ಈಗ ಶ್ರೀನಿವಾಸಪುರದ ಆ ಮನೆಗೆ ಹಿಂದಿರುಗೋಣ. ಹುಡುಗನ ತಂದೆ ಅಂದೇ ಠಾಣೆಗೆ ತಿಳಿಸಿದರು. ರೈಫಲ್ಲನ್ನು ಒಪ್ಪಿಸಿ ರಸೀತಿ ಪಡೆದರು. ಅರ್ಜಿ, ವಿಚಾರಣೆಗಳೆಲ್ಲ ಮುಗಿದ ಮೇಲೆ ಲೈಸೆನ್ಸ್ ಇರುವ ದುರಸ್ತಿಗಾರರೊಬ್ಬರು ಅದನ್ನು ತೆರೆದರು. ಬೋಲ್ಟು ಸಿಕ್ಕಿಕೊಂಡಿದ್ದುದು ಗಟ್ಟಿಯಾದ ಹಳೆಯ ಎಣ್ಣೆಯಿಂದಲೇ. ಆದರೆ ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ. ಈ ಮಾದರಿಯಲ್ಲಿ ತೋಟಾಗಳು ಹೊರಗೆ ಕಾಣುವ ಮ್ಯಾಗಜಿನ್ನಿನಲ್ಲಿ ಇರುವುದಿಲ್ಲ. ಭುಜಕ್ಕೆ ಆನಿಸುವ ಹಿಡಿಯ ಒಳಗಿನ ಕೊಳವೆಯಲ್ಲಿ 14ರವರೆಗೆ ಅಡಗಿರುತ್ತವೆ. ಆ ಕೊಳವೆಯಲ್ಲಿ ಎರಡು ತೋಟಾಗಳು ಉಳಿದಿದ್ದವು.

ಹುಡುಗ ಎಣ್ಣೆ ಬಿಟ್ಟು ಹಿಡಿಕೆಯನ್ನು ಸಡಿಲಿಸಿದ್ದರೆ, ಅದು ಪೂರ್ತಿ ಹಿಂದೆ ಹೋಗಿ ಮುಂದೆ ಬರುವಾಗ ಒಂದು ತೋಟಾವನ್ನು ನಳಿಗೆಗೆ ತಳ್ಳುತ್ತಿತ್ತು. "ಸರಿಹೋಯಿತು" ಎಂದು ಅವನು ಟ್ರಿಗರ್ ಒತ್ತಿ ನೋಡುತ್ತಿದ್ದ. ಎದುರಿಗೆ ಬಹುಶಃ ಅವನ ತಂಗಿ ನಿಂತಿರುತ್ತಿದ್ದಳು. ವರ್ಷಗಟ್ಟಲೆ ಅಟ್ಟದ ಮೇಲಿದ್ದ ತೋಟಾ ಹಾರುವುದಿಲ್ಲ ಎಂದು ಯಾರೂ ಭರವಸೆ ಕೊಡಲಾರರು. ಅಂದು ನಾನು ಆತುರಪಟ್ಟದ್ದು ಈ ಕಾರಣಕ್ಕೆ. ಖಾಲಿ ಎಂದು ಕಣ್ಣಾರೆ ಕಾಣುವವರೆಗೆ ಪ್ರತಿಯೊಂದು ಬಂದೂಕೂ ತುಂಬಿದ ಬಂದೂಕೇ. ಹಾಗೆ ಕಾಣುವ ಕೆಲಸವೂ ಬಲ್ಲವರದು, ನಿಮ್ಮದಲ್ಲ.

ಆ ರೈಫಲ್ಲಿನ ಬೋಲ್ಟು ಈಗ ಜಾರುತ್ತದೆ. ಆದರೆ ನಳಿಗೆಯ ಒಳಗೆ ತುಕ್ಕು ಆಳವಾಗಿ ತಿಂದಿರುವುದರಿಂದ ಅದನ್ನು ಹಾರಿಸಬಾರದೆಂದು ದುರಸ್ತಿಗಾರರು ಬರೆದುಕೊಟ್ಟರು. ಹುಡುಗ ಬೇಸರಪಟ್ಟ. ನಾನು ಹೇಳಿದೆ: "ಇಲ್ಲಿಗೆ ಸಾಕು ಎಂದು ತಿಳಿಯುವುದೂ ದುರಸ್ತಿಯ ವಿದ್ಯೆಯೇ ಕಣಪ್ಪಾ." ಈಗ ಅವನು ಎನ್.ಸಿ.ಸಿ. ಸೇರಿದ್ದಾನೆ. ಬಿಚ್ಚುವ ಕುತೂಹಲ ಹೋಗಿಲ್ಲ; ಹೋಗಬಾರದು ಕೂಡ. ಈಗ ಅದು ಉಸ್ತಾದರ ಕಣ್ಣೆದುರಿಗೆ, ಅವರು ಹೇಳಿದಷ್ಟೇ ಬಿಚ್ಚುತ್ತದೆ. ರೈಫಲ್ಲನ್ನು ಒರೆಸುವಾಗ ಎರಡೇ ಹನಿ ಎಣ್ಣೆ ಬಳಸುತ್ತಾನಂತೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯ ಅಟ್ಟದಲ್ಲಿ ಬಂದೂಕು ಇಲ್ಲದಿರಬಹುದು. ಹಳೆಯ ಗಡಿಯಾರವೋ, ಹೊಲಿಗೆ ಯಂತ್ರವೋ, ತಾತನ ಕನ್ನಡಕವೋ ಇದ್ದೀತು. ಅವನ್ನು ಮುಟ್ಟುವ ಮುನ್ನ, ಇದು ಯಾವುದರಿಂದ ಆಗಿದೆ, ಇದಕ್ಕೆ ಏನು ಹಿತ, ಏನು ಅಹಿತ ಎಂದು ಕೇಳಿಕೊಳ್ಳಿ. ಬಂದೂಕಾದರೆ ಕೇಳುವ ಕೆಲಸವನ್ನೂ ಬಲ್ಲವರಿಗೆ ಬಿಟ್ಟು, ಹಿರಿಯರಿಗೆ ತಿಳಿಸಿ, ಕೈಯನ್ನು ಹಿಂದೆ ಕಟ್ಟಿಕೊಂಡು ದೂರ ನಿಲ್ಲಿ.